ನಮ್ಮ ಹಾಲಿನ ಲೆಕ್ಕ ನಮ್ಮ ಕೈಗೆ ಸಿಗಲಿ: ಎರಡು ನಿಮಿಷದ ವಿಡಿಯೋ ನಾವೇ ಮಾಡೋಣ

ಹೋದ ವರ್ಷ ಮಗಳ ಬಾಣಂತನಕ್ಕೆಂದು ಹದಿನೈದು ದಿನ ನಾನು ಊರಲ್ಲಿರಲಿಲ್ಲ. ನಾನಿಲ್ಲವೆಂದು ಸಂಘದ ಕೆಲಸವೇನೂ ನಿಲ್ಲಲಿಲ್ಲ. ಎರಡು ಹೊತ್ತೂ ಹಾಲು ಅಳೆದರು, ಟೆಸ್ಟರ್ ಹುಡುಗಿ ಜಿಡ್ಡು ನೋಡಿದಳು, ಹಾಲಿನ ಗಾಡಿ ಬಂತು, ಹೋಯಿತು. ನಾಲ್ಕನೇ ದಿನ ನಮ್ಮ ಸದಸ್ಯೆಯೊಬ್ಬರು ಬ್ಯಾಂಕಿನಿಂದ ಸೀದಾ ಡೈರಿಗೆ ಬಂದರಂತೆ. ಹಸು ಕೊಳ್ಳಲು ಸಾಲಕ್ಕೆ ಅರ್ಜಿ ಹಾಕಿದ್ದರು. ಒಂದು ವರ್ಷದಲ್ಲಿ ಸಂಘಕ್ಕೆ ಎಷ್ಟು ಹಾಲು ಹಾಕಿದ್ದೀರಿ, ಎಷ್ಟು ದುಡ್ಡು ಬಂದಿದೆ, ತಿಂಗಳುವಾರು ಪಟ್ಟಿ ತನ್ನಿ ಎಂದು ಬ್ಯಾಂಕಿನವರು ಹೇಳಿ ಕಳಿಸಿದ್ದರು. ಹಾಲು ಹಾಕಿದವರು ಅವರು. ಲೆಕ್ಕ ಕೂತಿದ್ದದ್ದು ಸಂಘದ ಕಂಪ್ಯೂಟರಿನಲ್ಲಿ. ಅದನ್ನು ಹೊರಗೆ ತೆಗೆಯುವ ದಾರಿ ಗೊತ್ತಿದ್ದದ್ದು ಕಾರ್ಯದರ್ಶಿಯಾದ ನನಗೊಬ್ಬಳಿಗೆ.

ಟೆಸ್ಟರ್ ಹುಡುಗಿ ಫೋನ್ ಮಾಡಿದಳು. "ಅಕ್ಕಾ, ಯಾವುದನ್ನ ಒತ್ತಬೇಕು?" ಎಡಗಡೆ ಮೇಲೆ ರಿಪೋರ್ಟ್ಸ್ ಅಂತ ಇದೆಯಲ್ಲ, ಅದನ್ನ ಒತ್ತು ಎಂದೆ. "ಎರಡು ಕಡೆ ಇದೆಯಲ್ಲಕ್ಕಾ, ಯಾವುದು?" ಹೀಗೇ ಮುಕ್ಕಾಲು ಗಂಟೆ. ಇತ್ತ ಮಗು ಅಳುತ್ತಿತ್ತು, ಅತ್ತ ಸಂಜೆ ಹಾಲು ಹಾಕುವವರು ಸಾಲುಗಟ್ಟಿದ್ದರು. ಕೊನೆಗೆ ನಾನು ಬಂದ ಮೇಲೇ ಆಗಲಿ ಎಂದುಬಿಟ್ಟೆ. ಆ ಅಮ್ಮ ಮನೆಯಲ್ಲಿದ್ದ ಹಾಲಿನ ಚೀಟಿಗಳನ್ನೆಲ್ಲ ಕವರಿಗೆ ತುಂಬಿಕೊಂಡು ಮೊಮ್ಮಗಳ ಕೈಲಿ ಕೂಡಿಸಿದರು. ಅರ್ಧ ಚೀಟಿಗಳ ಅಕ್ಷರ ಮಾಸಿಹೋಗಿತ್ತು. ಬ್ಯಾಂಕಿನವರು ಆ ಕೈಬರಹದ ಲೆಕ್ಕ ಒಪ್ಪಲಿಲ್ಲ. ನಾನು ಬಂದ ದಿನವೇ ಪಟ್ಟಿ ತೆಗೆದುಕೊಟ್ಟೆ, ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ಅವರು ನೋಡಿಟ್ಟಿದ್ದ ಹಸು ಬೇರೆಯವರ ಕೊಟ್ಟಿಗೆ ಸೇರಿತ್ತು.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಎರಡು ನಿಮಿಷದ ಕೆಲಸವನ್ನು ಇನ್ನೊಬ್ಬರಿಗೆ ಕಲಿಸದೆ ಇಷ್ಟು ವರ್ಷ ನನ್ನ ತಲೆಯಲ್ಲೇ ಇಟ್ಟುಕೊಂಡಿದ್ದು ನನ್ನ ತಪ್ಪು. ನನ್ನ ಅನಿಸಿಕೆ ಇಷ್ಟು: ಸಂಘದ ತಂತ್ರಾಂಶದಿಂದ ಲೆಕ್ಕವನ್ನು ಹೊರತೆಗೆಯುವ ಪ್ರತಿಯೊಂದು ಕೆಲಸಕ್ಕೂ ಒಂದೊಂದು ಪುಟ್ಟ ವಿಡಿಯೋ ಇರಬೇಕು. ಅದನ್ನು ನಮ್ಮ ಮಾತಿನಲ್ಲಿ, ನಮ್ಮ ಸಂಘಗಳ ಹೆಣ್ಣುಮಕ್ಕಳೇ ಮಾಡಬೇಕು. ಒಕ್ಕೂಟ ಅದನ್ನು ಎಲ್ಲರಿಗೂ ಸಿಗುವ ಹಾಗೆ ಇಡಬೇಕು.

ಪೆಟ್ಟಿಗೆಯೊಳಗೆ ಏನಿದೆ?

ನಾವು ಹಾಲು ಹಾಕಿದಾಗ ತೂಕ, ಜಿಡ್ಡು, ಎಸ್‌ಎನ್‌ಎಫ್, ದರ, ಮೊತ್ತ ಎಲ್ಲವೂ ಕಂಪ್ಯೂಟರಿಗೆ ಹೋಗಿ ಒಂದು ಸಾಲಾಗಿ ಕೂರುತ್ತದೆ. ಒಬ್ಬ ಸದಸ್ಯೆ ದಿನಕ್ಕೆ ಎರಡು ಹೊತ್ತು ಹಾಲು ಹಾಕಿದರೆ ವರ್ಷಕ್ಕೆ 730 ಸಾಲು. 100 ಜನ ಸದಸ್ಯೆಯರ ಸಂಘವಾದರೆ 73,000 ಸಾಲು. ನಮ್ಮ ಕೈಗೆ ಬರುವುದು ಒಂದು ಸಣ್ಣ ಚೀಟಿ, ಬಟವಾಡೆಯ ದಿನ ಒಂದು ಬಿಲ್. ಮಿಕ್ಕಿದ್ದೆಲ್ಲ ಒಳಗೇ ಉಳಿಯುತ್ತದೆ.

ಅದರಿಂದ ನಮಗೇನು ಎಂದು ಕೇಳುವವರಿದ್ದಾರೆ. 2019ರಿಂದ ಹೈನುಗಾರಿಕೆಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಸಿಗುತ್ತಿದೆ. ಹೊಲದ ಪಹಣಿ ಗಂಡನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಇರುವ ನಮ್ಮಂಥವರಿಗೆ, ಇದು ನನ್ನ ದುಡಿಮೆ ಎಂದು ಬ್ಯಾಂಕಿನ ಮುಂದಿಡಲು ಇರುವ ಕಾಗದ ಈ ಹಾಲಿನ ಪಟ್ಟಿಯೇ. ಇನ್ನೊಂದು, ರಾಸಿನ ಆರೋಗ್ಯ. ಒಂದು ತಿಂಗಳ ದಿನವಾರು ಪಟ್ಟಿಯಲ್ಲಿ ಜಿಡ್ಡು 4.1ರಿಂದ ಮೆಲ್ಲಗೆ 3.4ಕ್ಕೆ ಇಳಿದದ್ದು ಕಂಡರೆ, ಒಣಮೇವು ಕಡಿಮೆಯಾಯಿತೇ, ಹಿಂಡಿ ಜಾಸ್ತಿಯಾಯಿತೇ ಎಂದು ಯೋಚಿಸಬಹುದು. ಹಾಲು ದಿಢೀರನೆ ಇಳಿದಿದ್ದರೆ ಕೆಚ್ಚಲು ಬಾವಿಗೆ ಪರೀಕ್ಷೆ ಮಾಡಿಸಬಹುದು. ದಿನದ ಚೀಟಿ ಒಂದೊಂದಾಗಿ ನೋಡಿದರೆ ಇದು ಕಾಣುವುದಿಲ್ಲ, ಸಾಲಾಗಿ ಜೋಡಿಸಿದಾಗ ಕಾಣುತ್ತದೆ. ಮೂರನೆಯದು ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ. ಖಾತೆಗೆ ಬಂದ ಹಣ ಹಾಕಿದ ಹಾಲಿಗೆ ತಾಳೆಯಾಗುತ್ತದೆಯೇ ಎಂದು ನೋಡಬೇಕಾದರೂ ಇದೇ ಪಟ್ಟಿ ಬೇಕು.

ಸಂಘದ ಮಟ್ಟದಲ್ಲಿ ಇದಕ್ಕಿಂತ ದೊಡ್ಡ ಭಯವೊಂದಿದೆ. ಕಂಪ್ಯೂಟರ್ ಕೆಡುತ್ತದೆ, ಸಿಡಿಲಿಗೆ ಸುಡುತ್ತದೆ, ತಂತ್ರಾಂಶದ ಕಂಪನಿ ಬದಲಾಗುತ್ತದೆ. ಹಳೆಯ ಲೆಕ್ಕವನ್ನು ಮೊದಲೇ ತೆಗೆದಿಟ್ಟಿರದಿದ್ದರೆ ಅದು ಪೆಟ್ಟಿಗೆಯ ಜೊತೆಗೇ ಹೋಗುತ್ತದೆ. ಲೆಕ್ಕ ಪರಿಶೋಧನೆಗೆ ಬಂದವರ ಮುಂದೆ ಆಗ ಏನು ಇಡುವುದು?

ವಿಡಿಯೋನೇ ಯಾಕೆ?

ತರಬೇತಿ ಕೊಡುತ್ತಾರಲ್ಲ ಎನ್ನಬಹುದು. ಕೊಡುತ್ತಾರೆ, ನಾನೂ ಹೋಗಿದ್ದೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಇಡೀ ತಂತ್ರಾಂಶ ತೋರಿಸಿದರು. ಊಟ ಚೆನ್ನಾಗಿತ್ತು, ನೋಟುಬುಕ್ಕಿನಲ್ಲಿ ನಾಲ್ಕು ಪುಟ ಬರೆದುಕೊಂಡೆ. ಎರಡು ತಿಂಗಳ ನಂತರ ಬೇಕಾದಾಗ ನೋಡಿದರೆ, ನಾನೇ ಬರೆದದ್ದು ನನಗೇ ತಿಳಿಯಲಿಲ್ಲ. ಕಂಪನಿ ಕೊಟ್ಟ ಪುಸ್ತಕ ಇಂಗ್ಲಿಷಿನಲ್ಲಿದೆ.

ನಾವು ಹಾಲು ಕರೆಯುವುದನ್ನು ಯಾವ ಪುಸ್ತಕ ಓದಿ ಕಲಿತೆವು? ಅಮ್ಮನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅವಳ ಕೈ ನೋಡಿ ಕಲಿತೆವು. ವಿಡಿಯೋ ಕೂಡ ಹಾಗೇ. ಕೈ ಎಲ್ಲಿಗೆ ಹೋಯಿತು, ಏನು ಒತ್ತಿತು, ಒತ್ತಿದ ಮೇಲೆ ಏನು ಬಂತು ಎಂದು ಕಣ್ಣೆದುರೇ ಕಾಣುತ್ತದೆ. ತಿಳಿಯದಿದ್ದರೆ ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಹತ್ತು ಸಲ ನೋಡಬಹುದು. ಹತ್ತು ಸಲ ಕೇಳಿದರೆ ಮನುಷ್ಯರಿಗೆ ಬೇಸರವಾಗುತ್ತದೆ, ವಿಡಿಯೋಗೆ ಆಗುವುದಿಲ್ಲ. ಇಂಗ್ಲಿಷ್ ಓದಲು ಬಾರದವರೂ ಗುಂಡಿಯ ಆಕಾರ, ಬಣ್ಣ, ಜಾಗ ನೋಡಿ ಗುರುತು ಹಿಡಿಯುತ್ತಾರೆ.

ನಾವೇ ಯಾಕೆ ಮಾಡಬೇಕು? ಬೆಳಿಗ್ಗೆ ಆರೂವರೆಗೆ, ಮುಂದೆ ಇಪ್ಪತ್ತು ಜನ ಹಾಲು ಹಿಡಿದು ನಿಂತಿರುವಾಗ, ಎಲ್ಲಿ ಕೈ ತಡವರಿಸುತ್ತದೆ ಎನ್ನುವುದು ತಂತ್ರಾಂಶ ಬರೆದವರಿಗೆ ಗೊತ್ತಿಲ್ಲ. ನಮಗೆ ಗೊತ್ತು.

ನಾನು ಎಡವಿದ್ದು

ಊರಿಗೆ ಬಂದ ವಾರದಲ್ಲೇ ನಾನೊಂದು ವಿಡಿಯೋ ಮಾಡಿದೆ. ನನಗೆ ಗೊತ್ತಿದ್ದದ್ದನ್ನೆಲ್ಲ ತುರುಕಿದೆ. ಹದಿನಾಲ್ಕು ನಿಮಿಷವಾಯಿತು. ಫ್ಯಾನಿನ ಸದ್ದಿನಲ್ಲಿ ನನ್ನ ಮಾತು ಕೇಳುತ್ತಿರಲಿಲ್ಲ. ಟೆಸ್ಟರ್ ಹುಡುಗಿ ನಾಲ್ಕು ನಿಮಿಷ ನೋಡಿ ಬಿಟ್ಟಳು. ಬೇಕಾದ ಜಾಗ ಎಲ್ಲಿದೆ ಎಂದು ಹುಡುಕುವುದರಲ್ಲೇ ಸಾಕಾಯಿತು ಎಂದಳು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಪರದೆಯ ಮೇಲೆ ಸದಸ್ಯೆಯರ ಹೆಸರು, ಬ್ಯಾಂಕ್ ಖಾತೆಯ ಸಂಖ್ಯೆ, ಯಾರಿಗೆ ಎಷ್ಟು ಹಣ ಎಲ್ಲವೂ ಕಾಣುತ್ತಿತ್ತು. ಅದನ್ನೇ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದೆ. ಸಂಜೆ ಒಬ್ಬರು ಬಂದು, "ಮೇಡಂ, ನನಗೆಷ್ಟು ದುಡ್ಡು ಬರುತ್ತೆ ಅಂತ ನಮ್ಮ ಮನೆಯವರಿಗೇ ನಾನು ಪೂರ್ತಿ ಹೇಳಿರಲಿಲ್ಲ" ಎಂದರು. ಮೆತ್ತಗೇ ಹೇಳಿದರು, ಆದರೆ ಕಣ್ಣಲ್ಲಿ ನೀರಿತ್ತು. ಕೂಡಲೇ ಅಳಿಸಿದೆ. ಅಷ್ಟರಲ್ಲಿ ಎಷ್ಟು ಜನ ನೋಡಿದ್ದರೋ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಬಂದಿದೆ. ಕಾಯ್ದೆ ಇರಲಿ ಬಿಡಲಿ, ಒಬ್ಬಳು ಹೆಣ್ಣುಮಗಳ ಗಂಟನ್ನು ಊರ ಮುಂದೆ ಬಿಚ್ಚುವ ಹಕ್ಕು ಕಾರ್ಯದರ್ಶಿಗೆ ಇಲ್ಲ.

ಈಗ ಬೇರೆ ದಾರಿ ಕಂಡುಕೊಂಡಿದ್ದೇವೆ. ತಂತ್ರಾಂಶದಲ್ಲಿ ಬೇರೆಯಾಗಿ ಅಭ್ಯಾಸದ ಕಡತ ತೆರೆದು, ಅದರಲ್ಲಿ ನಮ್ಮ ಹಸುಗಳನ್ನೇ ಸದಸ್ಯೆಯರನ್ನಾಗಿ ಮಾಡಿದ್ದೇವೆ. ಗೌರಿ, ಗಂಗೆ, ಕೆಂಪಿ, ಬೆಳ್ಳಿ. ಅವರಿಗೆ ಸುಳ್ಳು ಖಾತೆ ಸಂಖ್ಯೆ, ಸುಳ್ಳು ಮೊತ್ತ. ವಿಡಿಯೋದಲ್ಲಿ ಬರುವುದು ಅವರ ಲೆಕ್ಕ ಮಾತ್ರ. ನೋಡಿದವರು ನಗುತ್ತಾರೆ, ನಗುತ್ತಲೇ ಕಲಿಯುತ್ತಾರೆ. ನಿಜವಾದ ಲೆಕ್ಕದ ನಡುವೆ ಈ ಸುಳ್ಳು ಹೆಸರುಗಳನ್ನು ಸೇರಿಸಬೇಡಿ, ಬಟವಾಡೆ ಗಲಿಬಿಲಿಯಾಗುತ್ತದೆ. ಅಭ್ಯಾಸದ ಕಡತ ತೆರೆಯಲು ಬಾರದಿದ್ದರೆ ತಂತ್ರಾಂಶ ಹಾಕಿಕೊಟ್ಟವರನ್ನೇ ಕೇಳಿ.

ಒಳ್ಳೆಯ ವಿಡಿಯೋದಲ್ಲಿ ಏನಿರಬೇಕು?

ಒಂದು ವಿಡಿಯೋಗೆ ಒಂದೇ ಕೆಲಸ. ಎರಡು ನಿಮಿಷ, ಹೆಚ್ಚೆಂದರೆ ಮೂರು. ಮೊದಲ ಮಾತಿನಲ್ಲೇ ಕೆಲಸ ಯಾವುದೆಂದು ಹೇಳಿ: "ಒಬ್ಬ ಸದಸ್ಯೆಯ ಒಂದು ವರ್ಷದ ಹಾಲಿನ ಪಟ್ಟಿ ತೆಗೆಯುವುದು ಹೇಗೆ." ತಂತ್ರಾಂಶದ ಹೆಸರು, ವಿಡಿಯೋ ಮಾಡಿದ ತಿಂಗಳು, ವರ್ಷ ಹೇಳಿ. ತಂತ್ರಾಂಶ ಬದಲಾದಾಗ ಇದು ಹಳೆಯದೆಂದು ತಿಳಿಯಬೇಕಲ್ಲ.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನಿದೆಯೋ ಅದನ್ನು ಹಾಗೇ ಹೇಳಿ, ಆಮೇಲೆ ಅದರ ಅರ್ಥ ಹೇಳಿ. "ಎಕ್ಸ್‌ಪೋರ್ಟ್ ಅಂತ ಇದೆ ನೋಡಿ, ಅಂದರೆ ಲೆಕ್ಕ ಹೊರಗೆ ತೆಗೆಯೋದು, ಅದನ್ನ ಒತ್ತಿ." ಬರೀ ಕನ್ನಡ ಪದ ಹೇಳಿದರೆ ಪರದೆಯಲ್ಲಿ ಅದನ್ನು ಹುಡುಕಲಾಗುವುದಿಲ್ಲ. "ಇಲ್ಲಿ ಒತ್ತಿ, ಅಲ್ಲಿ ಒತ್ತಿ" ಎಂದರೂ ಪ್ರಯೋಜನವಿಲ್ಲ.

ಪಿಡಿಎಫ್ ಬೇಕೋ ಎಕ್ಸೆಲ್ ಬೇಕೋ ಎಂದು ತಂತ್ರಾಂಶ ಕೇಳುವಾಗ ಎಲ್ಲರೂ ನಿಲ್ಲುತ್ತಾರೆ. ನಾನು ಹೀಗೆ ಹೇಳಿಕೊಡುತ್ತೇನೆ: ಎಕ್ಸೆಲ್ ಎಂದರೆ ಹಾಲು, ಅದನ್ನು ಕೂಡಬಹುದು, ಕಳೆಯಬಹುದು, ಬೇಕಾದ ಹಾಗೆ ಜೋಡಿಸಬಹುದು. ಪಿಡಿಎಫ್ ಎಂದರೆ ಹೆಪ್ಪುಗಟ್ಟಿದ ಮೊಸರು, ಇದ್ದ ಹಾಗೇ ಬಡಿಸಬೇಕು. ಬ್ಯಾಂಕಿಗೆ ಕೊಡಲು ಪಿಡಿಎಫ್ ತೆಗೆದು ಮುದ್ರಿಸಿ ಸಹಿ, ಮೊಹರು ಹಾಕಿ. ಲೆಕ್ಕ ಹಾಕಲು ಎಕ್ಸೆಲ್ ತೆಗೆಯಿರಿ.

ಫೈಲ್ ಎಲ್ಲಿಗೆ ಹೋಯಿತು ಎಂದು ತೋರಿಸುವುದನ್ನು ಮರೆಯಬೇಡಿ. ಕೆಲಸ ಆಯಿತು ಎಂದು ಪರದೆ ಹೇಳುತ್ತದೆ, ಆದರೆ ಫೈಲ್ ಯಾವ ಫೋಲ್ಡರಿನಲ್ಲಿದೆ ಎಂದು ಗೊತ್ತಾಗದೆ ನಮ್ಮ ಹುಡುಗಿ ಒಂದೇ ಪಟ್ಟಿಯನ್ನು ಐದು ಸಲ ತೆಗೆದಿದ್ದಳು.

ಕೊನೆಯ ಅರ್ಧ ನಿಮಿಷ ತಾಳೆ ನೋಡುವುದಕ್ಕೆ ಇರಲಿ. ಇದಿಲ್ಲದ ವಿಡಿಯೋ ಅರ್ಧ ವಿಡಿಯೋ. ಹೊರಗೆ ಬಂದ ಪಟ್ಟಿಯ ಒಟ್ಟು ಲೀಟರ್, ಒಟ್ಟು ಮೊತ್ತ ಸಂಘದ ಬಟವಾಡೆ ಪುಸ್ತಕಕ್ಕೆ ಸರಿಹೋಗುತ್ತದೆಯೇ ಎಂದು ನೋಡಲೇಬೇಕು. ಯಾಕೆಂದರೆ ಲೆಕ್ಕ ಹೊರಗೆ ಬರುವಾಗ ಸದ್ದಿಲ್ಲದೆ ಕೆಡುವ ಜಾಗಗಳಿವೆ. ಹಳೆಯ ಮಾದರಿಯ ಎಕ್ಸೆಲ್ ಫೈಲಿನಲ್ಲಿ ಒಂದು ಹಾಳೆಗೆ 65,536 ಸಾಲು ಮಾತ್ರ ಹಿಡಿಸುತ್ತದೆ. ಮೇಲೆ ಹೇಳಿದ 73,000 ಸಾಲಿನ ವರ್ಷದ ಲೆಕ್ಕ ಒಂದೇ ಹಾಳೆಗೆ ಹಿಡಿಸುವುದಿಲ್ಲ, ತಿಂಗಳುವಾರು ತೆಗೆಯಬೇಕು. ರಾಸಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆ ಎಕ್ಸೆಲ್‌ನಲ್ಲಿ ಚುಕ್ಕೆ, ನಡುವೊಂದು ಇಂಗ್ಲಿಷ್ 'ಇ' ಅಕ್ಷರ, ಪ್ಲಸ್ ಗುರುತು ಸೇರಿಕೊಂಡು ವಿಚಿತ್ರವಾಗಿ ಕಾಣುತ್ತದೆ. 15 ಅಂಕಿಗಿಂತ ಉದ್ದದ ಬ್ಯಾಂಕ್ ಖಾತೆ ಸಂಖ್ಯೆಯನ್ನು ಎಕ್ಸೆಲ್ ಬರೀ ಅಂಕಿ ಎಂದು ತಿಳಿದರೆ ಕೊನೆಯ ಅಂಕಿಗಳು ಸೊನ್ನೆಯಾಗಿಬಿಡುತ್ತವೆ. ಆ ಪಟ್ಟಿಯನ್ನೇ ನಂಬಿ ಹಣ ಕಳಿಸಿದರೆ ಗತಿಯೇನು? 007 ಎಂಬ ಸದಸ್ಯೆ ಸಂಖ್ಯೆ ಬರೀ 7 ಆಗುತ್ತದೆ. ಇಂಥ ಕಾಲಮ್ಮುಗಳನ್ನು ಮೊದಲೇ 'ಟೆಕ್ಸ್ಟ್' ಎಂದು ಗುರುತಿಸುವುದು ಹೇಗೆ ಎನ್ನುವುದಕ್ಕೇ ಒಂದು ವಿಡಿಯೋ ಬೇಕು. 05/06 ಎಂದರೆ ಜೂನ್ 5 ಹೌದೋ, ಮೇ 6 ಹೌದೋ ಎಂದೂ ನೋಡಿಕೊಳ್ಳಿ. ಯೂನಿಕೋಡ್ ಬರುವ ಮುಂಚಿನ ನುಡಿ ಅಕ್ಷರಗಳಲ್ಲಿ ಹೆಸರು ಟೈಪ್ ಮಾಡಿದ್ದರೆ, ಆ ಎಕ್ಸೆಲ್ ಫೈಲನ್ನು ಫೋನಿನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೋನಿಗೆ ಕಳಿಸುವುದಾದರೆ ಅಂಥದ್ದನ್ನು ಪಿಡಿಎಫ್ ಮಾಡಿ ಕಳಿಸುವುದು ಸುಲಭ.

ಚಿತ್ರೀಕರಣಕ್ಕೆ ಕ್ಯಾಮೆರಾ, ಸ್ಟುಡಿಯೋ ಏನೂ ಬೇಡ. ಕಂಪ್ಯೂಟರಿನಲ್ಲಿ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದಿದ್ದರೆ ವಿಂಡೋಸ್ ಕೀ, ಆಲ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆದಿರುವ ತಂತ್ರಾಂಶದ ಪರದೆ ರೆಕಾರ್ಡ್ ಆಗತೊಡಗುತ್ತದೆ. ಮೈಕ್ ಆನ್ ಆಗಿದೆಯೇ ಎಂದು ನೋಡಿಕೊಳ್ಳಿ. ಹಳೆಯ ಕಂಪ್ಯೂಟರ್ ಆಗಿದ್ದರೆ ಎರಡು ಕ್ಯಾನಿನ ಮೇಲೆ ಹಲಗೆಯಿಟ್ಟು, ಫೋನನ್ನು ಅಡ್ಡಲಾಗಿ ಒರಗಿಸಿ ಪರದೆಯನ್ನೇ ಚಿತ್ರೀಕರಿಸಿ. ಫ್ಯಾನ್ ನಿಲ್ಲಿಸಿ. ಹಾಲು ಹಾಕುವ ಹೊತ್ತು ಬಿಟ್ಟು ಮಧ್ಯಾಹ್ನ ಮಾಡಿ. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗಿ ಸಣ್ಣ ಅಕ್ಷರಗಳು ಮಸುಕಾಗುತ್ತವೆ, 'ಡಾಕ್ಯುಮೆಂಟ್' ಎಂದು ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಮಾಡಿದ ವಿಡಿಯೋವನ್ನು ಆ ಕೆಲಸ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಮ್ಮ ವಿಡಿಯೋ ತಿದ್ದಬೇಕು.

ಬೇಡ ಎನ್ನುವವರಿಗೆ

ಕಾರ್ಯದರ್ಶಿಗಳಾದ ನನ್ನ ಗೆಳತಿಯರು ಹೇಳುವುದು ನನಗೆ ಗೊತ್ತು. ಇರುವ ಕೆಲಸವೇ ಹೊರಲಾರದಷ್ಟಿದೆ, ಇದೊಂದು ಬೇರೆಯೇ ಎನ್ನುತ್ತಾರೆ. ನಿಜ. ಆದರೆ ಈ ಹೊರೆ ಇಳಿಸುವ ದಾರಿಯೂ ಇದೇ. ಮೊದಲು ರಜೆಯಲ್ಲೂ ನನ್ನ ಫೋನ್ ಸುಮ್ಮನಿರುತ್ತಿರಲಿಲ್ಲ. ಈಗ ನಮ್ಮ ಟೆಸ್ಟರ್ ಹುಡುಗಿ ನಾಲ್ಕು ಬಗೆಯ ಪಟ್ಟಿಗಳನ್ನು ನಾನಿಲ್ಲದೆಯೇ ತೆಗೆಯುತ್ತಾಳೆ. ಮೊನ್ನೆ ಐದನೆಯ ವಿಡಿಯೋ ಅವಳೇ ಮಾಡಿದಳು, ನನ್ನದಕ್ಕಿಂತ ಚೆನ್ನಾಗಿದೆ.

ಲೆಕ್ಕ ಎಲ್ಲರ ಕೈಗೂ ಸಿಕ್ಕರೆ ಜಗಳ ಹುಟ್ಟುತ್ತದೆ ಎನ್ನುವವರೂ ಇದ್ದಾರೆ. ಎಲ್ಲರ ಲೆಕ್ಕ ಎಲ್ಲರಿಗೂ ಕೊಡಿ ಎಂದು ನಾನು ಹೇಳುತ್ತಿಲ್ಲ. ಸದಸ್ಯೆಗೆ ಅವಳ ಲೆಕ್ಕ, ಆಡಳಿತ ಮಂಡಳಿಗೆ ಸಂಘದ ಲೆಕ್ಕ. ಕಂಪ್ಯೂಟರಿನ ಪಾಸ್‌ವರ್ಡ್ ಜವಾಬ್ದಾರಿ ಇರುವವರ ಬಳಿಯೇ ಇರಲಿ, ವಿಡಿಯೋದಲ್ಲಿ ಅದು ಕಾಣಿಸದಿರಲಿ. ಆದರೆ ತನ್ನ ಲೆಕ್ಕ ಕೇಳಿದವಳನ್ನು ಅನುಮಾನದಿಂದ ನೋಡುವುದು ಸಹಕಾರವಲ್ಲ. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಒಕ್ಕೂಟ ಕಟ್ಟಿದ್ದೇ ತಮ್ಮ ಹಾಲಿನ ಬೆಲೆಯನ್ನು ವ್ಯಾಪಾರಿಗಳು ಮನಸ್ಸಿಗೆ ಬಂದಂತೆ ಹೇಳುವುದು ನಿಲ್ಲಲಿ ಎಂದು. ಕಣ್ಣೆದುರು ಅಳತೆ, ಕಣ್ಣೆದುರು ಪರೀಕ್ಷೆ ಎಂಬ ನಂಬಿಕೆಯ ಮೇಲೆ ನಮ್ಮ ಸಂಘಗಳು ನಿಂತಿವೆ. ಪುಸ್ತಕದಲ್ಲಿದ್ದಾಗ ಕಾಣುತ್ತಿದ್ದ ಲೆಕ್ಕ ಪೆಟ್ಟಿಗೆಯೊಳಗೆ ಹೋದ ಮೇಲೂ ಕಾಣಬೇಕು.

ಆಗಬೇಕಾದ್ದು

ಬೇರೆ ಬೇರೆ ಸಂಘಗಳಲ್ಲಿ ಬೇರೆ ಬೇರೆ ತಂತ್ರಾಂಶಗಳಿವೆ, ಒಂದರ ವಿಡಿಯೋ ಇನ್ನೊಂದಕ್ಕೆ ಆಗುವುದಿಲ್ಲ. ಆದ್ದರಿಂದ ಒಕ್ಕೂಟದಲ್ಲಿ ನನ್ನ ಕೋರಿಕೆ ಇದು: ಒಂದೇ ತಂತ್ರಾಂಶ ಬಳಸುವ ಸಂಘಗಳನ್ನು ಒಂದು ಗುಂಪು ಮಾಡಿ, ಪ್ರತಿ ಗುಂಪಿನಿಂದ ಆರು ವಿಡಿಯೋ ಮಾಡಿಸಿ.

1. ಒಬ್ಬ ಸದಸ್ಯೆಯ ಒಂದು ವರ್ಷದ ತಿಂಗಳುವಾರು ಹಾಲು ಮತ್ತು ಹಣದ ಪಟ್ಟಿ
2. ಒಬ್ಬ ಸದಸ್ಯೆಯ ದಿನವಾರು ಜಿಡ್ಡು, ಎಸ್‌ಎನ್‌ಎಫ್ ಪಟ್ಟಿ
3. ಒಂದು ಬಟವಾಡೆಯ ಪೂರ್ತಿ ಬಿಲ್ಲಿನ ಪಟ್ಟಿ
4. ಪಶು ಆಹಾರ ಮತ್ತಿತರ ಕಡಿತಗಳ ಪಟ್ಟಿ
5. ಪ್ರೋತ್ಸಾಹಧನಕ್ಕೆ ಕಳಿಸಿದ ಹಾಲಿನ ಲೆಕ್ಕವನ್ನು ಸಂಘದ ಲೆಕ್ಕಕ್ಕೆ ತಾಳೆ ನೋಡುವುದು
6. ತಿಂಗಳ ಕೊನೆಗೆ ಇಡೀ ಲೆಕ್ಕ ತೆಗೆದು ಜೋಪಾನವಾಗಿ ಇಡುವುದು

ವಿಸ್ತರಣಾಧಿಕಾರಿಗಳು ಒಮ್ಮೆ ನೋಡಿ ಸರಿಯಿದೆ ಎಂದ ಮೇಲೆ ಎಲ್ಲ ಸಂಘಗಳಿಗೂ ಕಳಿಸಲಿ. ಮಾಡಿದ ಹೆಣ್ಣುಮಗಳ ಹೆಸರು ವಿಡಿಯೋದಲ್ಲಿ ಬರಲಿ, ಅವಳ ಸಮಯಕ್ಕೆ ಒಂದಿಷ್ಟು ಗೌರವಧನವೂ ಸಿಗಲಿ. ಹೊಸ ತಂತ್ರಾಂಶ ಕೊಳ್ಳುವಾಗ, ಲೆಕ್ಕವನ್ನು ಹೊರತೆಗೆಯಲು ಅವಕಾಶವಿರಬೇಕು, ಅದನ್ನು ಕನ್ನಡದಲ್ಲಿ ತೋರಿಸಿಕೊಡಬೇಕು ಎಂದು ಕರಾರಿನಲ್ಲೇ ಬರೆಸಲಿ.

ಸದಸ್ಯೆಯರಲ್ಲಿ ನನ್ನ ಮಾತು: ಸಾಲ ಬೇಕಾದ ದಿನದವರೆಗೆ ಕಾಯಬೇಡಿ. ಮುಂದಿನ ಬಟವಾಡೆಯ ದಿನ ಡೈರಿಯಲ್ಲಿ ನಿಂತು, "ನನ್ನ ಒಂದು ವರ್ಷದ ಹಾಲಿನ ಪಟ್ಟಿ ತೆಗೆದುಕೊಡಿ" ಎಂದು ಒಮ್ಮೆ ಕೇಳಿ ನೋಡಿ. ಕೂಡಲೇ ಕೊಟ್ಟರೆ ನಿಮ್ಮ ಸಂಘ ಚೆನ್ನಾಗಿದೆ. "ಸೆಕ್ರೆಟರಿ ಬರಲಿ" ಎಂದರೆ, ಈ ಸಲದ ಸಾಮಾನ್ಯ ಸಭೆಯಲ್ಲಿ ಈ ವಿಡಿಯೋಗಳ ವಿಷಯವನ್ನು ನೀವೇ ಎತ್ತಿ.

ಹಸು ಕೈತಪ್ಪಿದ ಆ ಅಮ್ಮನಿಗೆ ಆಮೇಲೆ ಸಾಲ ಸಿಕ್ಕಿತು, ಬೇರೆ ಹಸು ತಂದರು. ಸ್ವಲ್ಪ ಹೆಚ್ಚು ಬೆಲೆಗೆ. ಆ ಹೆಚ್ಚಿನ ದುಡ್ಡು ನನ್ನ ಎರಡು ನಿಮಿಷದ ಬೆಲೆ ಎಂದು ನಾನು ಲೆಕ್ಕ ಬರೆದುಕೊಂಡಿದ್ದೇನೆ.